ನೂಲಿನ ಹುಟ್ಟೂರು

ಪವಿತ್ರ ಕುರ್‌ಆನಿನ ‘ಕುರೈಶ್’ ಎಂಬ ಪುಟ್ಟ ಅಧ್ಯಾಯವನ್ನು ನಮ್ಮ ಮಕ್ಕಳು ಮದ್ರಸದ ಮೊದಲ ವರ್ಷಗಳಲ್ಲೇ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಮಕ್ಕಾದ ಜನರು ಚಳಿಗಾಲದಲ್ಲೂ ಬೇಸಗೆಯಲ್ಲೂ ಕೈಗೊಳ್ಳುತ್ತಿದ್ದ ವ್ಯಾಪಾರಯಾತ್ರೆಗಳನ್ನು ಅದು ನೆನಪಿಸುತ್ತದೆ. ಒಂದು ಯಾತ್ರೆ ದಕ್ಷಿಣದ ಯಮನ್‌ಗೆ, ಇನ್ನೊಂದು ಉತ್ತರದ ಸಿರಿಯಾಕ್ಕೆ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಬೆಳೆಯಿಲ್ಲದ ಕಣಿವೆಯಲ್ಲಿ ನೆಲೆಸಿದವರಿಗೆ ಪರನಾಡಿನ ವ್ಯಾಪಾರವೇ ಅನ್ನವಾಗಿತ್ತು. ದಾರಿ ಸುರಕ್ಷಿತವಾಗಿದ್ದರೆ ಅನ್ನ, ಇಲ್ಲದಿದ್ದರೆ ಇಲ್ಲ. ಹಸಿವು ನೀಗುವುದನ್ನೂ ಭಯ ನೀಗುವುದನ್ನೂ ಆ ಅಧ್ಯಾಯವು ಜೊತೆಜೊತೆಯಾಗಿ ಅಲ್ಲಾಹನ ಅನುಗ್ರಹವೆಂದು ಎಣಿಸಿರುವುದು ಸುಮ್ಮನೆ ಅಲ್ಲ.

ನಮ್ಮ ಉಪಖಂಡದ ದೇಶಗಳು ಈ ಎರಡನ್ನೂ ಒಟ್ಟಿಗೆ ಸಾಧಿಸಲು ಪ್ರಯತ್ನಿಸದೆ ಇಲ್ಲ. 1985ರಲ್ಲಿ ಢಾಕಾದಲ್ಲಿ ಸಾರ್ಕ್ ಹುಟ್ಟಿತು. 1995ರಲ್ಲಿ ಸುಂಕ ರಿಯಾಯಿತಿಯ ‘ಸಾಪ್ಟಾ’ ಒಪ್ಪಂದವೂ 2006ರಲ್ಲಿ ಮುಕ್ತ ವ್ಯಾಪಾರದ ‘ಸಾಫ್ಟಾ’ ಒಪ್ಪಂದವೂ ಜಾರಿಗೆ ಬಂದುವು. ಹೀಗಿದ್ದರೂ ದಕ್ಷಿಣ ಏಷ್ಯಾದ ದೇಶಗಳ ಒಟ್ಟು ವ್ಯಾಪಾರದಲ್ಲಿ ಅವು ಪರಸ್ಪರ ನಡೆಸುವುದು ಶೇಕಡಾ 5ರಷ್ಟು ಮಾತ್ರವೆಂದು ವಿಶ್ವಬ್ಯಾಂಕ್ ಹೇಳುತ್ತಾ ಬಂದಿದೆ. ಆದರೆ ಸರಕಾರಗಳು ಬಾಗಿಲು ಹಾಕಿದ ಮಾತ್ರಕ್ಕೆ ಸರಕು ನಿಲ್ಲುವುದಿಲ್ಲ. ಅದು ಬೇರೊಂದು ದೇಶದ ಹೆಸರು ಹೊತ್ತು, ಬೇರೊಂದು ಬಾಗಿಲಿನಿಂದ ಬರುತ್ತದೆ. ಹೀಗೆ ಹೆಸರು ಬದಲಿಸಿ ಬರುವ ಸರಕನ್ನು ಓರ್ವ ಸತ್ಯವಿಶ್ವಾಸಿ ಕೊಳ್ಳಬಹುದೇ, ಮಾರಬಹುದೇ? ಈ ಪ್ರಶ್ನೆಗೆ ನಮ್ಮ ರಾಮನಗರದಷ್ಟು ಹತ್ತಿರದ ಉದಾಹರಣೆ ಇನ್ನೊಂದಿಲ್ಲ.

ರಾಮನಗರದ ಸರಕಾರಿ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಕನಕಪುರ, ಮಾಗಡಿ, ಚನ್ನಪಟ್ಟಣದ ಹಳ್ಳಿಗಳ ರೈತರು ಅಲ್ಲಿಗೆ ಗೂಡು ತರುತ್ತಾರೆ. ಹಿಪ್ಪುನೇರಳೆ ಸೊಪ್ಪು ಕೊಯ್ದು, ರಾತ್ರಿಯೂ ಎದ್ದು ಹುಳುವಿಗೆ ಹಾಕಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸುವ ಹೊತ್ತಿಗೆ ಮನೆಮಂದಿಯೆಲ್ಲರ ಒಂದು ತಿಂಗಳಿನ ದುಡಿಮೆ ಅದರಲ್ಲಿ ಸೇರಿರುತ್ತದೆ. ಗೂಡನ್ನು ರಾಗಿಯಂತೆ ಕಣಜದಲ್ಲಿಟ್ಟು ಬೆಲೆ ಏರಲೆಂದು ಕಾಯುವಂತಿಲ್ಲ. ದಿನ ಕಳೆದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ, ನೂಲು ಕೆಡುತ್ತದೆ. ಆ ದಿನದ ಹರಾಜಿನಲ್ಲಿ ಏನು ಸಿಕ್ಕಿತೋ ಅದೇ ಬೆಲೆ. ಕೊಳ್ಳುವವರು ರೀಲರ್‌ಗಳು, ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕುವ ಕೆಲಸ ಅವರ ಮನೆಯ, ಕಾರ್ಖಾನೆಯ ಹೆಣ್ಣುಮಕ್ಕಳದ್ದು. ಸೊಪ್ಪು ಬೆಳೆದು ಹುಳು ಸಾಕುವವರು ಹೆಚ್ಚಾಗಿ ಹಿಂದೂ ರೈತರು, ನೂಲು ತೆಗೆಯುವವರಲ್ಲಿ ಮುಸ್ಲಿಮರೇ ಅಧಿಕ. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯದು. ಸೌಹಾರ್ದದ ಬಗ್ಗೆ ವೇದಿಕೆಗಳಲ್ಲಿ ಕೇಳಿಬರುವ ಭಾಷಣಗಳಿಗಿಂತ ಈ ಹರಾಜುಕಟ್ಟೆ ಎಷ್ಟೋ ಮೇಲು.

ಇಲ್ಲಿ ತೆಗೆದ ನೂಲಿಗೆ ಪ್ರತಿಸ್ಪರ್ಧಿ ಚೀನಾದ ನೂಲು. ಅದರ ಮೇಲಿನ ಆಮದು ಸುಂಕವನ್ನು ಕೇಂದ್ರ ಸರಕಾರವು 2011ರ ಮುಂಗಡಪತ್ರದಲ್ಲಿ ಶೇಕಡಾ 30ರಿಂದ ಒಮ್ಮೆಲೇ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇಕಡಾ 15ಕ್ಕೇರಿತು. ನಂತರ 10ಕ್ಕಿಳಿದದ್ದು 2021ರಲ್ಲಿ ಪುನಃ 15 ಆಯಿತು. ದೆಹಲಿಯಲ್ಲಿ ಒಂದು ಅಂಕಿ ಬದಲಾದರೆ ಮಾಗಡಿಯ ಹಳ್ಳಿಯೊಂದರಲ್ಲಿ ಮಗಳ ಮದುವೆ ಮುಂದಕ್ಕೆ ಹೋಗುತ್ತದೆ.

ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬನಾರಸಿನ ಮಗ್ಗಗಳ ಮುಂದೆ ಕುಳಿತವರು ಹೆಚ್ಚಿನವರು ಅನ್ಸಾರಿ ಸಮುದಾಯದ ಮುಸ್ಲಿಮ್ ನೇಕಾರರು. ಅವರಿಗೆ ಚೀನಾ ನೂಲು ಬೇಕು. ಕಾರಣ ಅಗ್ಗವೆಂಬುದು ಮಾತ್ರವಲ್ಲ. ಅದರ ಎಳೆ ಸಮನಾಗಿರುವುದರಿಂದ ಹಾಸಿನ ಬಿಗಿತವನ್ನು ತಾಳಿಕೊಳ್ಳುತ್ತದೆ, ಯಂತ್ರಮಗ್ಗದಲ್ಲಿ ಪದೇ ಪದೇ ತುಂಡಾಗುವುದಿಲ್ಲ. ನಮ್ಮ ಮಿಶ್ರತಳಿಯ ನೂಲನ್ನು ಅವರು ಬಹುಮಟ್ಟಿಗೆ ಹೊಕ್ಕಿಗೆ ಬಳಸುತ್ತಾರೆ. ಸುಂಕ ಏರಿದರೆ ರಾಮನಗರದ ರೀಲರ್ ಅಲ್‌ಹಮ್ದುಲಿಲ್ಲಾಹ್ ಎನ್ನುತ್ತಾನೆ, ಬನಾರಸಿನ ನೇಕಾರ ತಲೆಗೆ ಕೈಹೊತ್ತು ಕೂರುತ್ತಾನೆ. ಇಳಿದರೆ ಇವನ ಕಣ್ಣೀರು, ಅವನ ನಗು. ಇಬ್ಬರೂ ಒಂದೇ ಕಿಬ್ಲಾದೆಡೆಗೆ ಮುಖಮಾಡಿ ನಮಾಝ್ ಮಾಡುವವರು. ಮುಸ್ಲಿಮರ ಹಿತವೆಂದು ಸುಲಭವಾಗಿ ಹೇಳಿಬಿಡುವವರು ಇಲ್ಲಿ ಯಾರ ಹಿತವನ್ನು ಆರಿಸಿಕೊಳ್ಳುತ್ತಾರೆ?

ಈ ವಿಷಯದಲ್ಲಿ ಖಲೀಫಾ ಉಮರ್(ರ)ರ ಕಾಲದ ಎರಡು ವರದಿಗಳು ನನಗೆ ದಾರಿದೀಪವಾಗಿ ಕಂಡಿವೆ. ನಮ್ಮ ವ್ಯಾಪಾರಿಗಳು ಹಗೆ ರಾಷ್ಟ್ರಗಳಿಗೆ ಹೋದಾಗ ಅಲ್ಲಿ ಹತ್ತನೇ ಒಂದಂಶ ಸುಂಕ ಕೇಳುತ್ತಾರೆಂದು ಅಬೂ ಮೂಸಾ ಅಲ್ ಅಶ್‌ಅರೀ(ರ) ಪತ್ರ ಬರೆದಾಗ, ಅವರು ತೆಗೆದುಕೊಳ್ಳುವಷ್ಟನ್ನೇ ಅವರ ವ್ಯಾಪಾರಿಗಳಿಂದ ನೀವೂ ತೆಗೆದುಕೊಳ್ಳಿರೆಂದು ಉಮರ್(ರ) ಉತ್ತರಿಸಿದರು. ಇಮಾಮ್ ಅಬೂ ಯೂಸುಫ್‌ರು ‘ಕಿತಾಬುಲ್ ಖರಾಜ್’ನಲ್ಲಿ ಇದನ್ನು ದಾಖಲಿಸಿದ್ದಾರೆ. ಇಮಾಮ್ ಮಾಲಿಕ್‌ರ ‘ಮುವತ್ತಾ’ದಲ್ಲಿರುವ ಇನ್ನೊಂದು ವರದಿಯಂತೆ, ಮದೀನಕ್ಕೆ ಗೋಧಿ ಮತ್ತು ಎಣ್ಣೆ ತರುತ್ತಿದ್ದ ನಬತೀ ವರ್ತಕರಿಂದ ಅವರು ಅರ್ಧದಷ್ಟನ್ನೇ, ಅಂದರೆ ಇಪ್ಪತ್ತನೇ ಒಂದಂಶವನ್ನೇ ಪಡೆಯುತ್ತಿದ್ದರು. ಬೇಳೆಕಾಳಿಗೆ ಮಾತ್ರ ಹತ್ತನೇ ಒಂದಂಶ. ಮದೀನದ ಜನರಿಗೆ ಗೋಧಿ, ಎಣ್ಣೆ ಹೆಚ್ಚಾಗಿ ಬರಲೆಂಬುದೇ ಇದರ ಉದ್ದೇಶ. ಒಬ್ಬರೇ ಖಲೀಫಾ ಒಂದೆಡೆ ಸುಂಕ ಹಾಕಿದ್ದಾರೆ, ಇನ್ನೊಂದೆಡೆ ಇಳಿಸಿದ್ದಾರೆ. ಆದುದರಿಂದ ಸುಂಕ ಎಷ್ಟಿರಬೇಕೆಂಬುದು ಜನಹಿತವನ್ನು ತೂಗಿ ನೋಡಿ ನಿರ್ಧರಿಸತಕ್ಕ ವಿಷಯ. ರೀಲರ್ ಹೆಚ್ಚಿಸಿರೆಂದು ಮನವಿ ಕೊಡಲಿ, ನೇಕಾರ ಇಳಿಸಿರೆಂದು ಕೊಡಲಿ. ಇಬ್ಬರಲ್ಲಿ ಯಾರೂ ಪಾಪಿಗಳಲ್ಲ.

ಅನ್ನದ ವಿಷಯ ಬಂದಾಗ ಮಾತ್ರ ಪ್ರವಾದಿ(ಸ)ರು ನಮಗೆ ಇನ್ನೂ ಎತ್ತರದ ಮಾದರಿಯನ್ನು ತೋರಿಸಿದ್ದಾರೆ. ಯಮಾಮಾದ ನಾಯಕ ಸುಮಾಮಾ ಬಿನ್ ಉಸಾಲ್(ರ) ಇಸ್ಲಾಮ್ ಸ್ವೀಕರಿಸಿದ ಬಳಿಕ ಮಕ್ಕಾಕ್ಕೆ ಹೋಗುತ್ತಿದ್ದ ಧಾನ್ಯವನ್ನು ತಡೆಹಿಡಿದರು. ಅದೇ ಮಕ್ಕಾದವರು ಹಿಂದೆ ಪ್ರವಾದಿ(ಸ)ರನ್ನೂ ಅವರ ಬಂಧುಗಳನ್ನೂ ಮೂರು ವರ್ಷ ಕಣಿವೆಯಲ್ಲಿ ಬಹಿಷ್ಕಾರಕ್ಕೆ ಗುರಿಪಡಿಸಿದ್ದರು. ಈಗ ಅವರೇ ಹಸಿವಿನಿಂದ ಕಂಗೆಟ್ಟು ಮೊರೆಯಿಟ್ಟಾಗ, ಧಾನ್ಯವನ್ನು ಬಿಟ್ಟುಬಿಡುವಂತೆ ಪ್ರವಾದಿ(ಸ)ರು ಸುಮಾಮಾರಿಗೆ ಬರೆದರು. 2020ರ ಸೆಪ್ಟೆಂಬರಿನಲ್ಲಿ ಭಾರತವು ಈರುಳ್ಳಿ ರಫ್ತನ್ನು ಮುನ್ಸೂಚನೆಯಿಲ್ಲದೆ ನಿಷೇಧಿಸಿದಾಗ ಬಾಂಗ್ಲಾದೇಶದ ಗಡಿಯಲ್ಲಿ ತುಂಬಿದ ಲಾರಿಗಳು ಸಾಲುಗಟ್ಟಿ ನಿಂತುವು. ಬಾಂಗ್ಲಾದೇಶವಾದರೋ ನಮ್ಮ ಶತ್ರುವೂ ಆಗಿರಲಿಲ್ಲ.

ಇನ್ನು ಕಳ್ಳದಾರಿಯ ಮಾತು. ನೇಪಾಳ ಮತ್ತು ಭಾರತದ ನಡುವಿನ ಗಡಿ ತೆರೆದ ಗಡಿ. ನೇಪಾಳದಲ್ಲಿ ತಯಾರಾದ ಸರಕಿಗೆ ಒಪ್ಪಂದದ ಪ್ರಕಾರ ಸುಂಕ ವಿನಾಯಿತಿಯೂ ಇದೆ. ಬಡ ನೆರೆಯವನಿಗೆ ಮಾಡಿದ ಈ ಉಪಕಾರದ ನೆರಳಿನಲ್ಲಿ ಚೀನಾದ ರೇಷ್ಮೆ ನೂಲು ಕಳ್ಳಸಾಗಣೆಯಾಗಿ ಬರುತ್ತಾ ಬಂದಿದೆ. ಗಡಿಯಲ್ಲಿ ಹಲವು ಬಾರಿ ಸಿಕ್ಕಿಬಿದ್ದದ್ದೂ ಇದೆ. ಒಮ್ಮೆ ಹುರಿ ಹಾಕಿ ಬಣ್ಣಕ್ಕೆ ಅದ್ದಿದ ಮೇಲೆ ಯಾವ ಎಳೆ ಎಲ್ಲಿಯದೆಂದು ಸಾಮಾನ್ಯ ಗಿರಾಕಿ ಹೇಳಲಾರ. ರೇಷ್ಮೆ ಒಂದೇ ಅಲ್ಲ. ಇಂಡೋನೇಷ್ಯಾದ ಅಡಿಕೆ ಶ್ರೀಲಂಕಾದ ಪ್ರಮಾಣಪತ್ರದೊಂದಿಗೆ, ವಿಯೆಟ್ನಾಮಿನ ಕರಿಮೆಣಸು ಅದೇ ದಾರಿಯಲ್ಲಿ ಬಂದು ಮಲೆನಾಡು, ಕರಾವಳಿ, ಕೊಡಗಿನ ಬೆಳೆಗಾರರ ಕತ್ತು ಹಿಸುಕಿದ್ದನ್ನು ನಾವೆಲ್ಲ ಕೇಳಿದ್ದೇವೆ. ಪಾಕಿಸ್ತಾನದ ಸರಕಿಗೆ 2019ರಲ್ಲಿ ಶೇಕಡಾ 200 ಸುಂಕ ಬಿತ್ತು. 2025ರ ಮೇ ತಿಂಗಳಲ್ಲಿ ಆಮದೇ ನಿಷೇಧವಾಯಿತು. ಮರುತಿಂಗಳೇ ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ 39 ಕಂಟೇನರುಗಳಲ್ಲಿ 1,115 ಟನ್ ಸರಕನ್ನು ಅಧಿಕಾರಿಗಳು ಹಿಡಿದರು. ದುಬಾಯಿಯ ದಾಖಲೆ ಹೊತ್ತು ಬಂದ ಪಾಕಿಸ್ತಾನದ ಸರಕು ಅದು. ಅದರಲ್ಲಿ ಒಣ ಖರ್ಜೂರವೂ ಇತ್ತು. ಉಪವಾಸ ಬಿಡುವ ಹಣ್ಣಿಗೂ ಸುಳ್ಳಿನ ಚೀಟಿ ಅಂಟಿಸುವವರಿದ್ದಾರೆ!

ಇಂಥ ವ್ಯಾಪಾರವನ್ನು ಸಮರ್ಥಿಸುವ ಒಂದು ವಾದ ನಮ್ಮವರ ನಡುವೆಯೇ ಇದೆ. ಸುಂಕ ವಸೂಲಿಗಾರನನ್ನು ಹದೀಸ್‌ನಲ್ಲಿ ಉಗ್ರವಾಗಿ ಖಂಡಿಸಲಾಗಿದೆ, ಅದನ್ನು ‘ಮಕ್ಸ್’ ಎನ್ನಲಾಗಿದೆ, ಆದ್ದರಿಂದ ಕಸ್ಟಮ್ಸ್ ಸುಂಕ ತಪ್ಪಿಸಿಕೊಂಡರೆ ದೋಷವಿಲ್ಲ ಎಂಬುದೇ ಆ ವಾದ. ಅರ್ಧ ಕಲಿತವರು ಇದನ್ನು ಬಹಳ ಆತ್ಮವಿಶ್ವಾಸದಿಂದ ಹೇಳುತ್ತಾರೆ. ಮಕ್ಸ್ ಎಂದರೆ ದಾರಿಹೋಕರನ್ನು ತಡೆದು ಅನ್ಯಾಯವಾಗಿ ಸುಲಿಯುವುದು. ಸುಂಕವೆಲ್ಲವೂ ಮಕ್ಸ್ ಆಗಿದ್ದರೆ ಉಮರ್(ರ)ರು ಅದಕ್ಕೆ ಅಧಿಕಾರಿಗಳನ್ನು ನೇಮಿಸುತ್ತಿದ್ದರೇ? ಒಂದು ವೇಳೆ ಈಗಿನ ಸುಂಕ ಅನ್ಯಾಯವೆಂದೇ ಒಪ್ಪಿಕೊಳ್ಳೋಣ. ಆಗಲೂ ಸುಳ್ಳು ಪ್ರಮಾಣಪತ್ರ ಬರೆಯಲು ಅನುಮತಿ ಎಲ್ಲಿಂದ ಬಂತು? ಕರಾರುಗಳನ್ನು ನೆರವೇರಿಸಬೇಕೆಂಬ ಆಜ್ಞೆಯಿಂದಲೇ ‘ಅಲ್ ಮಾಇದಃ’ ಅಧ್ಯಾಯ ಆರಂಭವಾಗುತ್ತದೆ. ಈ ದೇಶದ ಪ್ರಜೆಯಾಗಿ, ಲೈಸೆನ್ಸ್ ಪಡೆದ ವರ್ತಕನಾಗಿ ರುಜು ಹಾಕಿದವನು ಕರಾರಿಗೆ ಒಳಪಟ್ಟವನು. ಇದಕ್ಕಿಂತಲೂ ಮುಖ್ಯವಾದ ಮಾತೆಂದರೆ, ಹೀಗೆ ಉಳಿಸಿದ ಹಣ ಸರಕಾರದ ಬೊಕ್ಕಸದ್ದು ಮಾತ್ರವಲ್ಲ. ಗೂಡು ಹೊತ್ತು ತಂದು ಅಂದೇ ಮಾರಲೇಬೇಕಾದ ಕನಕಪುರದ ರೈತನ ಬೆಲೆಯಿಂದಲೂ ಅದು ಕತ್ತರಿಸಲ್ಪಟ್ಟಿದೆ. ಅವನು ಮುಸ್ಲಿಮನಲ್ಲದಿರಬಹುದು, ನಾಳೆ ಅಲ್ಲಾಹನ ಮುಂದೆ ಅವನ ಹಕ್ಕಿಗೆ ಅದರಿಂದ ಕಡಿತವೇನೂ ಆಗದು.

ಈ ಸುಳ್ಳಿನ ಫಲವನ್ನು ಪ್ರಾಮಾಣಿಕ ನೆರೆಯವನೂ ಉಣ್ಣಬೇಕಾಗುತ್ತದೆ. 1996ರಲ್ಲಿ ಭಾರತವು ನೇಪಾಳದ ಸರಕಿಗೆ ಬಹಳ ಉದಾರವಾಗಿ ಬಾಗಿಲು ತೆರೆದಿತ್ತು. ಹೊರದೇಶದ ಕಚ್ಚಾಮಾಲಿನಿಂದ ಮಾಡಿದ ವನಸ್ಪತಿ, ಅಕ್ರಿಲಿಕ್ ನೂಲು ಮುಂತಾದುವು ಹರಿದು ಬರುತ್ತಿವೆಯೆಂಬ ದೂರು ಎದ್ದು, 2002ರಲ್ಲಿ ಮೌಲ್ಯವರ್ಧನೆಯ ಶರತ್ತೂ ಕೆಲವು ಸರಕುಗಳಿಗೆ ಮಿತಿಯೂ ಬಂದುವು. ಸಾಫ್ಟಾದಲ್ಲೂ ಸರಕಿನ ಮೂಲದ ನಿಯಮಗಳು ಪುಟಗಟ್ಟಲೆ ಇವೆ. ವರ್ತಕರ ಮಾತಿನ ಮೇಲೆ ನಂಬಿಕೆ ಕುಸಿದಷ್ಟೂ ಕಾಗದ ಬೆಳೆಯುತ್ತದೆ, ಕಾಗದ ಬೆಳೆದಷ್ಟೂ ಸಣ್ಣ ವ್ಯಾಪಾರಿ ಹಿಂದೆ ಸರಿಯುತ್ತಾನೆ.

ಮದೀನದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದ ಪ್ರವಾದಿ(ಸ)ರ ಬೆರಳಿಗೆ ಒದ್ದೆ ತಾಗಿದ ಘಟನೆ ಎಲ್ಲರಿಗೂ ಗೊತ್ತು. ಮಳೆಗೆ ನೆನೆಯಿತೆಂದು ಮಾರುವವನು ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲಕ್ಕೆ ಹಾಕಬಾರದಿತ್ತೇ ಎಂದು ಅವರು ಕೇಳಿದರು. ವಂಚಿಸುವವನು ನಮ್ಮವನಲ್ಲವೆಂದೂ ಎಚ್ಚರಿಸಿದರು. ಒದ್ದೆ ಧಾನ್ಯವನ್ನು ಮಾರಲೇಬಾರದೆಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಚೀನಾ ನೂಲಿನ ವಿಷಯವೂ ಹೀಗೆಯೇ. ಸುಂಕ ಕಟ್ಟಿ ತಂದು, ಇದು ಚೀನಾದ್ದೆಂದು ಹೇಳಿ ಮಾರಿದರೆ ಅದು ಹಲಾಲ್ ವ್ಯಾಪಾರ. ಅದನ್ನು ರಾಮನಗರದ ನೂಲಿನ ಕೆಳಗೆ ಮುಚ್ಚಿಟ್ಟು, ಇದೆಲ್ಲ ಇಲ್ಲಿಯದೇ ಎಂದರೆ ಒದ್ದೆ ಧಾನ್ಯ.

ಈ ಅಳತೆಗೋಲನ್ನು ಗಡಿಯವರಿಗೆ ಮಾತ್ರ ಹಿಡಿದರೆ ಸಾಲದು. ಚನ್ನಪಟ್ಟಣದ ಅರಗಿನ ಬೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಹಾಲೆಮರದ ತುಂಡನ್ನು ಪಟ್ಟಡೆಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಅರಗು ಒತ್ತಿ ಬಣ್ಣ ಹಿಡಿಸುವ ಕುಶಲಕರ್ಮಿಗಳಲ್ಲಿ ನಮ್ಮವರು ಬಹಳ ಮಂದಿ. ಎಲ್ಲಿಯೋ ತಯಾರಾದ ಬೊಂಬೆಯನ್ನು ಚನ್ನಪಟ್ಟಣದ್ದೆಂದು ಪ್ರಯಾಣಿಕನ ಕೈಗಿಡುವ ಅಂಗಡಿಯವನೂ ಸುಳ್ಳು ಪ್ರಮಾಣಪತ್ರವನ್ನೇ ಬರೆಯುತ್ತಿದ್ದಾನೆ. ಮುದ್ರೆಯೊಂದು ಇಲ್ಲ, ಅಷ್ಟೆ.

ಉಮರ್(ರ)ರು ಸುಂಕಕ್ಕೆ ನೇಮಿಸಿದ ಝಿಯಾದ್ ಬಿನ್ ಹುದೈರ್ ಎಂಬವರು, ಯಾರನ್ನೂ ಶೋಧಿಸಬಾರದೆಂದು ಖಲೀಫಾರು ತನಗೆ ಆಜ್ಞಾಪಿಸಿದ್ದರೆಂದು ತಿಳಿಸಿದ್ದಾರೆ. ಒಂಟೆಯ ಮೇಲಿನ ಗಂಟು ಬಿಚ್ಚಿಸದೆ ಸುಂಕ ಪಡೆಯಬೇಕಾದರೆ ವರ್ತಕನ ಮಾತನ್ನೇ ನಂಬಬೇಕು. ಇಂದು ನಮ್ಮ ಸೀರೆಯಂಗಡಿಗಳಲ್ಲಿ ರೇಷ್ಮೆ ಮಂಡಳಿಯ ‘ಸಿಲ್ಕ್ ಮಾರ್ಕ್’ ಚೀಟಿ ತೂಗುತ್ತಿರುತ್ತದೆ. ಬಟ್ಟೆ ಶುದ್ಧ ರೇಷ್ಮೆಯದೆಂದು ಅದು ಖಾತರಿ ಕೊಡುತ್ತದೆ. ಆ ರೇಷ್ಮೆ ಮಾಗಡಿಯ ಹಿಪ್ಪುನೇರಳೆಯಿಂದ ಬಂತೇ, ಚೀನಾದಿಂದ ಬಂತೇ ಎಂಬುದು ಅದರಲ್ಲಿ ಇರುವುದಿಲ್ಲ. ಗಿರಾಕಿ ಅದನ್ನು ಕೇಳಿದರೆ ಉತ್ತರ ಬರಬೇಕಾದದ್ದು ಗಲ್ಲಾದ ಹಿಂದೆ ಕುಳಿತವನ ಬಾಯಿಂದ.