ಡಿವಿಡಿ ಡ್ರೈವ್ ಕೂಡಿದ ಮೇಲೂ ಅದೇ ಕಂಪ್ಯೂಟರೇ?

ಬಿಡಿಭಾಗಗಳಿಂದಾದ ವಸ್ತುವಿಗೆ ಹೊಸ ಭಾಗವೊಂದನ್ನು ಸೇರಿಸಿದರೆ, ಅಥವಾ ಹಳೆಯದನ್ನು ತೆಗೆದು ಬೇರೆಯದನ್ನು ಹಾಕಿದರೆ, ಅದು ಮೊದಲಿನ ವಸ್ತುವೇ ಆಗಿ ಉಳಿಯುತ್ತದೆಯೇ? ಭಾರತದ ದರ್ಶನಗಳು ಈ ಪ್ರಶ್ನೆಯನ್ನು ರಥ, ಬಟ್ಟೆ, ಗಡಿಗೆಗಳನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ಚರ್ಚಿಸಿವೆ. ಗ್ರೀಕರು ಹಡಗೊಂದನ್ನು ಹಿಡಿದು ಇದನ್ನೇ ಕೇಳಿದರು. ಮನೆಯ ಕಂಪ್ಯೂಟರು ಈ ಚರ್ಚೆಗೆ ಇನ್ನೂ ಒಳ್ಳೆಯ ಉದಾಹರಣೆ. ಅದರ ಭಾಗಗಳು ಬೇರೆ ಬೇರೆ ಕಂಪನಿಗಳಲ್ಲಿ ತಯಾರಾಗಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಬಿಡಿಯಾಗಿ ಮಾರಾಟವಾಗಿ, ಕೊನೆಗೆ ಒಂದು ಸ್ಕ್ರೂಡ್ರೈವರಿನ ಕೆಲಸದಿಂದ ಒಂದಾಗುತ್ತವೆ. ಅವುಗಳಲ್ಲೂ ಡಿವಿಡಿ ಡ್ರೈವ್ ವಿಶೇಷವಾದದ್ದು. ಅದಿಲ್ಲದೆಯೂ ಕಂಪ್ಯೂಟರು ನಡೆಯುತ್ತದೆ, ಅದು ಬಂದರೆ ಮೊದಲಿಲ್ಲದ ಒಂದು ಶಕ್ತಿ ಬರುತ್ತದೆ. ಇದ್ದರೂ ನಡೆಯುವ, ಇಲ್ಲದಿದ್ದರೂ ನಡೆಯುವ ಭಾಗದಿಂದಲೇ ಭಾಗಕ್ಕೂ ಇಡಿಗೂ ಇರುವ ಸಂಬಂಧವನ್ನು ಚೆನ್ನಾಗಿ ಪರೀಕ್ಷಿಸಬಹುದು.

ಡ್ರೈವ್ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಕಂಪ್ಯೂಟರಿನೊಳಗಿನ ಸಂಪರ್ಕ. ಹಳೆಯ ಮದರ್‌ಬೋರ್ಡುಗಳಲ್ಲಿ ಐಡಿಇ ಎನ್ನುವ ಅಗಲವಾದ ಪಟ್ಟಿಕೇಬಲ್ಲಿಗೆ 40 ಪಿನ್ನುಗಳ ಜಾಗವಿರುತ್ತದೆ. ಅನಂತರದವುಗಳಲ್ಲಿ ಸಾಟಾ ಬಂದಿದ್ದು, ಅದರ ಮಾಹಿತಿ ಕೇಬಲ್ಲಿಗೆ 7 ಸಂಪರ್ಕಗಳು, ವಿದ್ಯುತ್ ಕೇಬಲ್ಲಿಗೆ 15. ಒಂದರ ಡ್ರೈವ್ ಇನ್ನೊಂದಕ್ಕೆ ನೇರವಾಗಿ ಕೂಡುವುದಿಲ್ಲ. ಕ್ಯಾಬಿನೆಟ್ಟಿನಲ್ಲಿ ಐದೂಕಾಲು ಇಂಚಿನ ಖಾಲಿ ಗೂಡು ಇದೆಯೇ ಎಂದೂ ನೋಡಬೇಕು. ಈಚಿನ ಎಷ್ಟೋ ಕ್ಯಾಬಿನೆಟ್ಟುಗಳಲ್ಲಿ ಆ ಗೂಡೇ ಇರುವುದಿಲ್ಲ. ಬರೆಯುವ ಡ್ರೈವ್ ಕೊಳ್ಳುವವರು ಅದು ಡಿವಿಡಿ ಮೈನಸ್ ಆರ್, ಪ್ಲಸ್ ಆರ್ ಎರಡನ್ನೂ ಬರೆಯುತ್ತದೆಯೇ, 4.7 ಜಿಬಿ ಹಿಡಿಸುವ ಒಂದು ಪದರದ ತಟ್ಟೆಯ ಜೊತೆಗೆ 8.5 ಜಿಬಿ ಹಿಡಿಸುವ ಎರಡು ಪದರದ ತಟ್ಟೆಯನ್ನೂ ಒಪ್ಪುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು ಒಳಿತು. ಸಿಡಿಯನ್ನು ಓದಲು 780 ನ್ಯಾನೋಮೀಟರಿನ, ಡಿವಿಡಿಯನ್ನು ಓದಲು 650 ನ್ಯಾನೋಮೀಟರಿನ ಲೇಸರ್ ಬೇಕು. ಡಿವಿಡಿ ಡ್ರೈವುಗಳಲ್ಲಿ ಈ ಎರಡಕ್ಕೂ ವ್ಯವಸ್ಥೆ ಇರುತ್ತದೆ. ಬ್ಲೂ-ರೇ ತಟ್ಟೆಗೆ ಬೇಕಾದ 405 ನ್ಯಾನೋಮೀಟರಿನದು ಮಾತ್ರ ಇರುವುದಿಲ್ಲ.

ಜೋಡಿಸುವ ಕೆಲಸ ಸಣ್ಣದು, ಎಚ್ಚರ ದೊಡ್ಡದು. ಕಂಪ್ಯೂಟರನ್ನು ಆರಿಸಿ, ವಿದ್ಯುತ್ ಕೇಬಲ್ಲನ್ನು ಗೋಡೆಯಿಂದಲೇ ಕಿತ್ತು, ಪಕ್ಕದ ಮುಚ್ಚಳ ತೆಗೆಯಬೇಕು. ಮೈಯಲ್ಲಿರುವ ಸ್ಥಿರವಿದ್ಯುತ್ ಹರಿದುಹೋಗುವಂತೆ ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಒಮ್ಮೆ ಮುಟ್ಟಬೇಕು. ಮುಂಭಾಗದ ಪ್ಲಾಸ್ಟಿಕ್ ಮುಚ್ಚಳಿಕೆ ತೆಗೆದು ಡ್ರೈವನ್ನು ಮುಂದಿನಿಂದಲೇ ಒಳಗೆ ತಳ್ಳುವುದು ವಾಡಿಕೆ. ಎರಡೂ ಬದಿಗೆ ಹಾಕುವ ಸ್ಕ್ರೂಗಳು ಸಣ್ಣ ಮರೆಯ ಎಂ3 ಅಳತೆಯವು. ಸಾಮಾನ್ಯ ಹಾರ್ಡ್ ಡಿಸ್ಕಿನ ಸ್ಕ್ರೂ ಇದಕ್ಕಿಂತ ದಪ್ಪ, ಅದನ್ನು ಒತ್ತಾಯದಿಂದ ತಿರುಗಿಸಿದರೆ ಡ್ರೈವಿನ ಮರೆ ಹಾಳಾಗುತ್ತದೆ. ಆಮೇಲೆ ವಿದ್ಯುತ್ತಿನ ಕೇಬಲ್, ಮಾಹಿತಿಯ ಕೇಬಲ್. ಐಡಿಇ ಡ್ರೈವ್ ಆದರೆ ಇನ್ನೊಂದು ಹೆಜ್ಜೆಯುಂಟು. ಒಂದೇ ಕೇಬಲ್ಲಿನಲ್ಲಿ ಎರಡು ಸಾಧನಗಳಿದ್ದರೆ ಹಿಂಬದಿಯ ಪುಟ್ಟ ಜಂಪರ್ ಸರಿಸಿ ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಎಂದು ಗುರುತಿಸಬೇಕು. ಎರಡಕ್ಕೂ ಮಾಸ್ಟರ್ ಎಂದೇ ಇಟ್ಟರೆ ಒಂದು ಕಾಣದೆ ಹೋಗಬಹುದು, ಎರಡೂ ಕಾಣದೆ ಹೋಗಬಹುದು. ಎಲ್ಲ ಸರಿಯಿದ್ದರೆ ಕಂಪ್ಯೂಟರು ಚಾಲೂ ಆಗುವಾಗ ಬಯಾಸ್‌ನ ಪಟ್ಟಿಯಲ್ಲಿ ಹೊಸ ಡ್ರೈವಿನ ಹೆಸರು ಬರುತ್ತದೆ.

ಹೆಸರು ಬರುವ ಈ ಕ್ಷಣದಲ್ಲೇ ತತ್ತ್ವಶಾಸ್ತ್ರದ ಪ್ರಶ್ನೆ ಏಳುತ್ತದೆ. ಸ್ಕ್ರೂ ಬಿಗಿದಾಗ ಡ್ರೈವ್ ಕ್ಯಾಬಿನೆಟ್ಟಿನ ಒಳಗಿತ್ತು, ಆದರೆ ಕಂಪ್ಯೂಟರಿನ ಭಾಗವಾಗಿರಲಿಲ್ಲ. ಹಾಗಾದರೆ ಭಾಗವಾಗುವುದು ಎಂದರೇನು?

ಬೌದ್ಧರ ಉತ್ತರ ಮಿಲಿಂದಪಞ್ಹದಲ್ಲಿದೆ. ಗ್ರೀಕ್ ಮೂಲದ ರಾಜ ಮಿಲಿಂದ ರಥದಲ್ಲಿ ಬಂದೆನೆಂದಾಗ ಭಿಕ್ಷು ನಾಗಸೇನ ಅವನನ್ನು ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ, ಇವೆಲ್ಲ ಸೇರಿ ರಥವೇ, ಇವನ್ನು ಬಿಟ್ಟು ಬೇರೆ ಏನಾದರೂ ರಥವೇ? ಎಲ್ಲಕ್ಕೂ ರಾಜ ಅಲ್ಲವೆನ್ನುತ್ತಾನೆ. ಈ ಅಂಗಗಳನ್ನು ಆಧರಿಸಿ ರಥವೆಂಬ ವ್ಯವಹಾರ, ಅಷ್ಟೇ ಎಂಬುದು ಅಲ್ಲಿ ನಿಲ್ಲುವ ಮಾತು. ನಾಗಸೇನನಿಗೆ ರಥದ ಚಿಂತೆಯಿಲ್ಲ. ಮನುಷ್ಯನೊಳಗೆ ಸ್ಥಿರವಾದ ಆತ್ಮವಿಲ್ಲ, ರೂಪ ವೇದನೆ ಮೊದಲಾದ ಐದು ಸ್ಕಂಧಗಳ ಮೇಲೆ ಹೆಸರೊಂದು ನಿಂತಿದೆ ಎಂದು ತೋರಿಸುವುದು ಅವನ ಉದ್ದೇಶ. ಈ ಮತವನ್ನು ಕಂಪ್ಯೂಟರಿಗೆ ತಂದರೆ, ಡ್ರೈವ್ ಕೂಡಿದ ಮೇಲೆ ಅದೇ ಕಂಪ್ಯೂಟರೇ ಎಂಬ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ. ಮೊದಲೂ ಕಂಪ್ಯೂಟರೆಂಬ ಪ್ರತ್ಯೇಕ ವಸ್ತು ಇರಲಿಲ್ಲ, ಈಗಲೂ ಇಲ್ಲ. ಜನ ಅದೇ ಎಂದು ಕರೆಯುವವರೆಗೆ ಅದೇ.

ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವಯವಗಳು ಬೇರೆ, ಅವುಗಳಿಂದ ಹುಟ್ಟುವ ಅವಯವಿ ಬೇರೆ, ಅವಯವಿಯು ಅವಯವಗಳಲ್ಲಿ ಸಮವಾಯವೆಂಬ ಸಂಬಂಧದಿಂದ ಇರುತ್ತದೆ ಎಂದು ಅವರ ವಾದ. ನ್ಯಾಯಸೂತ್ರಗಳೇ ಈ ವಾದಕ್ಕೆ ಜಾಗ ಕೊಟ್ಟಿವೆ. ಇಡಿಯೆಂಬುದು ಇಲ್ಲದಿದ್ದರೆ ಹಿಡಿಯುವುದೂ ಎಳೆಯುವುದೂ ಹೇಗೆ ಸಾಧ್ಯ, ಒಂದು ಕಡೆ ಹಿಡಿದೆಳೆದರೆ ಇಡೀ ವಸ್ತು ಬರುವುದೇಕೆ ಎಂಬುದು ಅವರ ಪ್ರಬಲವಾದ ಪ್ರಶ್ನೆ. ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಗೆ ಪರಿಚಿತವಾದ ಬಟ್ಟೆಯ ಉದಾಹರಣೆಯಲ್ಲಿ ನೂಲು ಸಮವಾಯಿಕಾರಣ, ನೂಲುಗಳ ಸಂಯೋಗ ಅಸಮವಾಯಿಕಾರಣ, ನೇಯುವ ಉಪಕರಣ ಮೊದಲಾದವು ನಿಮಿತ್ತಕಾರಣ. ಕಂಪ್ಯೂಟರಿನಲ್ಲಿ ಮದರ್‌ಬೋರ್ಡು, ಮೆಮೊರಿ, ಡ್ರೈವುಗಳು ನೂಲಿನ ಸ್ಥಾನದಲ್ಲಿವೆ. ಅವುಗಳ ಸಂಯೋಗ ಎರಡನೆಯದು. ಜೋಡಿಸುವವನೂ ಅವನ ಸ್ಕ್ರೂಡ್ರೈವರೂ ನಿಮಿತ್ತ.

ಜಂಪರಿನ ಸಂಗತಿ ಇಲ್ಲಿ ನೈಯಾಯಿಕರ ಪರವಾಗಿ ನಿಲ್ಲುತ್ತದೆ. ಎರಡು ಡ್ರೈವುಗಳೂ ಇವೆ, ಕೇಬಲ್ ಇದೆ, ವಿದ್ಯುತ್ತಿದೆ. ಒಂದು ಭಾಗವೂ ಕಡಿಮೆಯಿಲ್ಲ. ಆದರೂ ಜಂಪರ್ ತಪ್ಪಿದರೆ ಕೆಲಸ ನಡೆಯುವುದಿಲ್ಲ. ಅದನ್ನು ಒಂದು ಪಿನ್ನಿನಷ್ಟು ಸರಿಸಿದರೆ ಎಲ್ಲ ನಡೆಯುತ್ತದೆ. ಭಾಗಗಳ ಪಟ್ಟಿ ಎರಡೂ ಸ್ಥಿತಿಯಲ್ಲಿ ಒಂದೇ, ಬದಲಾದದ್ದು ಅವುಗಳ ನಡುವಣ ಸಂಬಂಧ. ಜನರ ವ್ಯವಹಾರ ಏನೇ ಇರಲಿ, ಆ ಸಂಬಂಧ ತಪ್ಪಾದಾಗ ಯಂತ್ರ ಸುಮ್ಮನಿರುತ್ತದೆ. ಹೀಗಾಗಿ ಇಡಿಯು ಬರಿಯ ಹೆಸರು ಎನ್ನುವ ಮತಕ್ಕೆ ಇಲ್ಲಿ ನಿಜವಾದ ತೊಡಕಿದೆ.

ಆದರೆ ನ್ಯಾಯ ವೈಶೇಷಿಕರ ಮತಕ್ಕೂ ಬೆಲೆ ತೆರಬೇಕಾಗುತ್ತದೆ. ಅವಯವಗಳಿಂದಲೇ ಅವಯವಿ ಹುಟ್ಟುವುದಾದರೆ, ಅವಯವಗಳು ಬದಲಾದಾಗ ಹಳೆಯ ಅವಯವಿ ನಾಶವಾಗಿ ಹೊಸದೊಂದು ಹುಟ್ಟಬೇಕು. ಅವರು ಹಿಂಜರಿಯದೆ ಹಾಗೆಯೇ ಹೇಳಿದರು: ಬಟ್ಟೆಯಿಂದ ಒಂದು ಎಳೆ ಹೋದರೆ ಮೊದಲಿನ ಬಟ್ಟೆ ಹೋಯಿತು, ಉಳಿದ ಎಳೆಗಳಿಂದ ಖಂಡಪಟವೆಂಬ ಹೊಸ ಬಟ್ಟೆ ಹುಟ್ಟಿತು. ಅದೇ ಬಟ್ಟೆ ಎಂದು ತೋರುವುದು ಸಜಾತೀಯತೆಯಿಂದ. ಹಾಗಾದರೆ ಡಿವಿಡಿ ಡ್ರೈವ್ ಕೂಡಿದ ಕ್ಷಣ ಹಳೆಯ ಕಂಪ್ಯೂಟರು ಇಲ್ಲವಾಯಿತೆಂದೇ ಒಪ್ಪಬೇಕು. ತರ್ಕಕ್ಕೆ ನಿಷ್ಠವಾದ ಮಾತಿದು, ಬದುಕಿಗೆ ಒಗ್ಗುವುದು ಕಷ್ಟ. ಮಾಲೀಕತ್ವ, ಖಾತರಿ, ಸಾಲ ಎಲ್ಲವೂ ಅದೇ ವಸ್ತು ಮುಂದುವರಿಯುತ್ತದೆ ಎಂಬುದರ ಮೇಲೆ ನಿಂತಿವೆ.

ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಪರಂಪರೆ ಸಮವಾಯವನ್ನೇ ತಳ್ಳಿಹಾಕಿತು. ವಸ್ತುವಿಗೂ ಅದರ ಧರ್ಮಕ್ಕೂ ನಡುವೆ ಮೂರನೆಯ ಸಂಬಂಧವೊಂದು ಬೇಕೆಂದರೆ, ಆ ಸಂಬಂಧವನ್ನು ಕೂಡಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಕೊನೆಯಿಲ್ಲದಂತಾಗುತ್ತದೆ. ದ್ವೈತಿಗಳು ಇಟ್ಟ ವಿಭಾಗ ಹೆಚ್ಚು ಉಪಯುಕ್ತವಾಗಿದೆ. ವಸ್ತು ಇರುವಷ್ಟು ಕಾಲವೂ ಅದರೊಡನಿರುವುದು ವಸ್ತುವಿನಿಂದ ಅಭಿನ್ನ. ನಡುವೆ ಬಂದು ನಡುವೆಯೇ ಹೋಗಬಲ್ಲದ್ದು ಭಿನ್ನವೂ ಹೌದು, ಅಭಿನ್ನವೂ ಹೌದು. ಡಿವಿಡಿ ಡ್ರೈವಿಗೆ ಈ ಎರಡನೆಯ ವರ್ಗ ಚೆನ್ನಾಗಿ ಒಪ್ಪುತ್ತದೆ. ಕೂಡಿರುವಾಗ ಕಂಪ್ಯೂಟರು ತಟ್ಟೆ ಓದುತ್ತದೆ ಎನ್ನುತ್ತಾರೆ, ಡ್ರೈವ್ ಓದುತ್ತದೆ ಎಂದು ಬೇರ್ಪಡಿಸಿ ಹೇಳುವುದು ಕಡಿಮೆ. ಬಿಚ್ಚಿ ಮೇಜಿನ ಮೇಲಿಟ್ಟಾಗ ಅದು ಬೇರೆಯ ವಸ್ತು. ಯುಎಸ್‌ಬಿ ತಂತಿಯಿಂದ ಹೊರಗೇ ಕೂಡುವ ಡ್ರೈವ್ ಈ ವರ್ಗದ ಅಂಚಿನಲ್ಲಿದೆ. ಅದು ಮಾಡುವ ಕೆಲಸ ಅದೇ, ಆದರೂ ಅದನ್ನು ಕಂಪ್ಯೂಟರಿನ ಭಾಗವೆಂದು ಎಣಿಸುವವರು ವಿರಳ.

ಭಿನ್ನವೂ ಹೌದು ಅಭಿನ್ನವೂ ಹೌದು ಎನ್ನುವ ಈ ದಾರಿಯಲ್ಲಿ ಜೈನರು ಬಹಳ ಮೊದಲೇ ಇನ್ನೂ ಮುಂದೆ ಹೋಗಿದ್ದರು. ಉತ್ಪತ್ತಿ, ನಾಶ, ಸ್ಥಿರತೆ ಮೂರೂ ಕೂಡಿದ್ದೇ ಸತ್ತೆಂದು ತತ್ತ್ವಾರ್ಥಸೂತ್ರದ ಲಕ್ಷಣ. ಸಮಂತಭದ್ರರ ಆಪ್ತಮೀಮಾಂಸೆಯಲ್ಲಿ ಬರುವ ದೃಷ್ಟಾಂತ ಪ್ರಸಿದ್ಧವಾದದ್ದು. ಚಿನ್ನದ ಗಡಿಗೆಯನ್ನು ಕರಗಿಸಿ ಕಿರೀಟ ಮಾಡಿದಾಗ ಗಡಿಗೆ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮೂವರ ಅನುಭವಕ್ಕೂ ವಸ್ತುವಿನಲ್ಲೇ ಆಧಾರವಿದೆ, ಯಾರದೂ ಭ್ರಮೆಯಲ್ಲ. ಕಂಪ್ಯೂಟರಿನ ವಿಷಯದಲ್ಲಿ ಈ ದೃಷ್ಟಿ ಉಳಿದೆಲ್ಲಕ್ಕಿಂತ ಹೆಚ್ಚು ನ್ಯಾಯ ಒದಗಿಸುತ್ತದೆ. ಒಂದು ಪರ್ಯಾಯ, ಅಂದರೆ ಅವಸ್ಥೆ, ಹೋಗಿ ಇನ್ನೊಂದು ಬಂತು, ನಡುವೆ ಉಳಿದದ್ದೂ ಇದೆ. ಯಾವುದು ಉಳಿಯಿತೆಂಬುದನ್ನು ಯಾವ ನಯದಿಂದ, ಅಂದರೆ ಯಾವ ದೃಷ್ಟಿಕೋನದಿಂದ, ನೋಡುತ್ತಿದ್ದೇವೆ ಎಂದು ಹೇಳಿಯೇ ಹೇಳಬೇಕು.

ಪಾಶ್ಚಾತ್ಯರಲ್ಲಿ ಪ್ಲೂಟಾರ್ಕ್ ಬರೆದ ಥೀಸಿಯಸ್ಸನ ಜೀವನಚರಿತ್ರೆಯಲ್ಲಿ ಅಥೆನ್ಸಿನವರು ಕಾಪಾಡಿಕೊಂಡು ಬಂದ ಹಡಗಿನ ಪ್ರಸ್ತಾಪವಿದೆ. ಕೊಳೆತ ಹಲಗೆಗಳ ಜಾಗಕ್ಕೆ ಹೊಸ ಹಲಗೆ ಹಾಕುತ್ತ ಹೋದ ಆ ಹಡಗು ಅದೇ ಹಡಗೇ ಎಂದು ತತ್ತ್ವಜ್ಞಾನಿಗಳು ವಾದಿಸುತ್ತಿದ್ದರು. ಜಾನ್ ಲಾಕ್ 1694ರಲ್ಲಿ ತನ್ನ ಗ್ರಂಥದ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ ವಸ್ತುಗಳನ್ನು ವಿಂಗಡಿಸಿದ. ಓಕ್ ಮರದ ಏಕತೆ ಅದರ ಕಣಗಳಲ್ಲಿಲ್ಲ, ನಡೆದುಬಂದ ಜೀವನಕ್ರಮದಲ್ಲಿದೆ. ಮನುಷ್ಯವ್ಯಕ್ತಿಯ ಏಕತೆ ಇರುವುದು ಹಿಂದಿನದನ್ನು ತನ್ನದೆಂದು ಅರಿಯುವ ಪ್ರಜ್ಞೆಯಲ್ಲಿ. ಹಾರ್ಡ್ ಡಿಸ್ಕ್ ಕಳೆದುಕೊಂಡವರ ಸಂಕಟ ಡಿವಿಡಿ ಡ್ರೈವ್ ಕೆಟ್ಟವರಿಗೆ ಇರುವುದಿಲ್ಲ. ಫೋಟೊಗಳೂ ಪತ್ರಗಳೂ ಇದ್ದ ಡಿಸ್ಕ್ ಹೋದರೆ ಪೆಟ್ಟಿಗೆ ಅದೇ ಆದರೂ ಕಂಪ್ಯೂಟರು ಹೋಯಿತು ಎನ್ನುತ್ತಾರೆ. ಲಾಕ್‌ನ ವಿಂಗಡಣೆಗೆ ಈ ಮಾತು ಒಳ್ಳೆಯ ಸಾಕ್ಷಿ.

ಡಿವಿಡಿ ಡ್ರೈವಿಗೂ ತನ್ನದೇ ಸಣ್ಣ ನೆನಪುಂಟು. ಸಿನಿಮಾ ತಟ್ಟೆಗಳಿಗಾಗಿ ಜಗತ್ತನ್ನು ಆರು ಮುಖ್ಯ ವಲಯಗಳಾಗಿ ಹಂಚಲಾಗಿದ್ದು, ಭಾರತ ಐದನೆಯ ವಲಯದಲ್ಲಿದೆ. 2000ದಿಂದ ಈಚಿನ ಡ್ರೈವುಗಳಲ್ಲಿ ವಲಯವನ್ನು ಬಳಕೆದಾರ ಐದು ಸಲ ಬದಲಿಸಬಹುದು, ಆಮೇಲೆ ಅದು ಕೊನೆಯದಕ್ಕೇ ಬೀಗ ಹಾಕಿಕೊಳ್ಳುತ್ತದೆ. ಆ ಎಣಿಕೆ ಡ್ರೈವಿನೊಳಗೇ ಇರುತ್ತದೆ, ಕಂಪ್ಯೂಟರಿನಲ್ಲಲ್ಲ. ಬೇರೆ ಕಂಪ್ಯೂಟರಿಗೆ ಹಾಕಿದರೂ ಹಳೆಯ ಎಣಿಕೆ ಜೊತೆಗೇ ಹೋಗುತ್ತದೆ. ಬಳಸಿದ ಡ್ರೈವ್ ಕೊಳ್ಳುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಭಾಗವೊಂದು ಇಡಿಯಿಂದ ಸ್ವತಂತ್ರವಾದ ಇತಿಹಾಸವನ್ನು ಹೊತ್ತಿರಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ವಿಚಾರವಂತರ ಈ ಚರ್ಚೆಯನ್ನು 2001ರಲ್ಲಿ ಮೈಕ್ರೋಸಾಫ್ಟ್ ವ್ಯವಹಾರದ ನೆಲೆಗೆ ಇಳಿಸಿತು. ವಿಂಡೋಸ್ ಎಕ್ಸ್‌ಪಿಯ ಒಂದು ಪರವಾನಗಿ ಒಂದು ಕಂಪ್ಯೂಟರಿಗೆ ಮಾತ್ರ ಎಂದ ಮೇಲೆ, ಯಾವುದು ಅದೇ ಕಂಪ್ಯೂಟರು ಎಂದು ತಂತ್ರಾಂಶವೇ ತೀರ್ಮಾನಿಸಬೇಕಾಯಿತು. ಅದು ಯಂತ್ರದ ಹತ್ತು ಅಂಶಗಳನ್ನು ಗುರುತಿಟ್ಟುಕೊಳ್ಳುತ್ತಿತ್ತು. ಪ್ರೊಸೆಸರ್, ಮೆಮೊರಿಯ ಪ್ರಮಾಣ, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಮುಂತಾದವುಗಳ ಜೊತೆಗೆ ಸಿಡಿ ಅಥವಾ ಡಿವಿಡಿ ಡ್ರೈವೂ ಅವುಗಳಲ್ಲೊಂದು. ಎಲ್ಲಕ್ಕೂ ಸಮಾನ ತೂಕವಿರಲಿಲ್ಲ, ನೆಟ್‌ವರ್ಕ್ ಕಾರ್ಡಿಗೆ ಹೆಚ್ಚು. ಡ್ರೈವೊಂದೇ ಬದಲಾದರೆ ಅದೇ ಕಂಪ್ಯೂಟರು. ಬದಲಾದವುಗಳ ಸಂಖ್ಯೆ ಮಿತಿ ದಾಟಿದರೆ ಬೇರೆ ಕಂಪ್ಯೂಟರೆಂದು ಎಣಿಸಿ ಮತ್ತೆ ಸಕ್ರಿಯಗೊಳಿಸಲು ಹೇಳುತ್ತಿತ್ತು. ಇದನ್ನು ಬರಿಯ ಲೆಕ್ಕಾಚಾರವೆಂದು ತಳ್ಳಿಹಾಕುವುದು ಸರಿಯಲ್ಲ. ಏಕತೆಗೆ ಮಟ್ಟಗಳಿವೆ, ಎಲ್ಲ ಭಾಗಗಳೂ ಅದನ್ನು ಸಮನಾಗಿ ಹೊರುವುದಿಲ್ಲ ಎಂಬ ಗಂಭೀರ ನಿಲುವು ಆ ಲೆಕ್ಕದಲ್ಲಿ ಅಡಗಿದೆ.

ಥಾಮಸ್ ಹಾಬ್ಸ್ 1655ರಲ್ಲಿ ಎತ್ತಿದ ಆಕ್ಷೇಪ ಇಷ್ಟಾದರೂ ಉಳಿಯುತ್ತದೆ. ಥೀಸಿಯಸ್ಸನ ಹಡಗಿನಿಂದ ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟುಕೊಂಡು ಅದೇ ಕ್ರಮದಲ್ಲಿ ಜೋಡಿಸಿದರೆ ಎರಡು ಹಡಗುಗಳಲ್ಲಿ ಮೂಲದ್ದು ಯಾವುದು? ಮನೆಗಳಲ್ಲಿ ಇದು ನಿತ್ಯ ನಡೆಯುವ ಸಂಗತಿ. ತೆಗೆದ ಡ್ರೈವ್, ಡಿಸ್ಕ್, ಬೋರ್ಡುಗಳಿಂದಲೇ ಮಕ್ಕಳಿಗೆ ಎರಡನೆಯ ಕಂಪ್ಯೂಟರು ಸಿದ್ಧವಾಗುತ್ತದೆ. ಯಂತ್ರದ ಜೊತೆಗೇ ಬರುವ ವಿಂಡೋಸ್ ಪರವಾನಗಿಯ ವಿಷಯದಲ್ಲಿ ಮೈಕ್ರೋಸಾಫ್ಟ್ ಇಟ್ಟ ನಿಯಮ ಈ ಪ್ರಶ್ನೆಗೆ ಒಂದು ಉತ್ತರ ಕೊಡುತ್ತದೆ: ಡಿವಿಡಿ ಡ್ರೈವ್ ಮುಂತಾದವನ್ನು ಬದಲಿಸಿದರೂ ಪರವಾನಗಿ ಮುಂದುವರಿಯುತ್ತದೆ, ಆದರೆ ಇನ್ನೂ ಉತ್ತಮವಾದದ್ದು ಬೇಕೆಂದು ಮದರ್‌ಬೋರ್ಡನ್ನೇ ಬದಲಿಸಿದರೆ ಅದು ಹೊಸ ಕಂಪ್ಯೂಟರು. ಅದೇ ಮದರ್‌ಬೋರ್ಡು ಕೆಟ್ಟುಹೋಗಿ ಬದಲಿಸಿದ್ದಾದರೆ ಅದು ಹಳೆಯ ಕಂಪ್ಯೂಟರೇ.