ಶಾಲು ಹೊದಿಸಿದ ಮೇಲೆ

 

ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ವಿಷಯ ಎರಡನೇ ಶೀಲ. ಕಳ್ಳತನ ಮಾಡಬಾರದು ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ನಮ್ಮ ಹಾಲಿನ ದೊಡ್ಡ ಗೋಡೆ ನೋಡಿದಾಗಲೆಲ್ಲ ಅಷ್ಟಕ್ಕೆ ನಿಲ್ಲಿಸಲು ಮನಸ್ಸು ಒಪ್ಪುತ್ತಿಲ್ಲ.

ಆ ಗೋಡೆಯ ಮೇಲೆ ಬುದ್ಧನನ್ನು ಬಿಡಿಸಿದ ಹುಡುಗ ನಿಮಗೆಲ್ಲ ಗೊತ್ತು. ಹೆಸರು ಹಾಕಬೇಡಿ ಎಂದಿದ್ದಾನೆ. ಎಂಟನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿ. ಕನ್ನಡ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ನನ್ನ ಮುಖವನ್ನೇ ಬಿಡಿಸಿ ಸಿಕ್ಕಿಬಿದ್ದವನು. ಅವನ ತಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂತು, ಕುಂಚ ಅಟ್ಟ ಸೇರಿತು. ಮಗ ಕಲಬುರಗಿಯಲ್ಲಿ ಚಿತ್ರಕಲೆ ಓದಿ, ಆರು ಮಂದಿ ಗೆಳೆಯರ ಜೊತೆ ಸೈಕಲ್ ಅಂಗಡಿ ಪಕ್ಕದ ಒಂದು ಶಟರ್ ಬಾಡಿಗೆಗೆ ಹಿಡಿದಿದ್ದಾನೆ. ಭಾನುವಾರ ಬೆಳಿಗ್ಗೆ ಕೋಟೆ, ಹಫ್ತ್ ಗುಂಬಜ್ ಕಡೆ ಹೋಗಿ ಜಲವರ್ಣದಲ್ಲಿ ಬಿಡಿಸುತ್ತಾರೆ. ಒಬ್ಬ ಬಿಡಿಸಿದ್ದನ್ನು ಉಳಿದವರು ಕುಳಿತು ಬೈಯುತ್ತಾರೆ. ಅದೇ ಅವರ ಪಾಠಶಾಲೆ. ಶನಿವಾರ ಸಂಜೆ ಹಾಸ್ಟೆಲ್ ಮಕ್ಕಳಿಗೆ ಹಣ ಪಡೆಯದೆ ಡ್ರಾಯಿಂಗ್ ಕಲಿಸುತ್ತಾರೆ. ಇದನ್ನು ಮಾಡಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇವನ ಕ್ಯಾನ್‌ವಾಸುಗಳ ತುಂಬ ತೊಗರಿ ಬೇಳೆ ಮಿಲ್ಲಿನ ಹೆಂಗಸರು, ರೆಪ್ಪೆಯ ಮೇಲೂ ಧೂಳು. ಬೆಂಗಳೂರಿನ ಚಿತ್ರಸಂತೆಯಲ್ಲಿ ರಸ್ತೆ ಬದಿ ಕುಳಿತು ಎರಡು ಚಿತ್ರ ಮಾರಿ ಬಂದಿದ್ದ. ಎಲ್ಲಕ್ಕಿಂತ ದೊಡ್ಡ ಸುದ್ದಿ ಎಂದು ಅದನ್ನು ನನಗೆ ಫೋನ್ ಮಾಡಿ ಹೇಳಿದ್ದ.

ಬುದ್ಧ ಪೂರ್ಣಿಮೆಗೆ ಮುಂಚೆ ಗೋಡೆಯ ಮಾತು ಬಂದಾಗ, 'ನಮ್ಮ ಹುಡುಗನೇ ಇದ್ದಾನಲ್ಲ' ಎಂದವಳು ನಾನು. ಬಣ್ಣಕ್ಕೆಂದು 6,000 ರೂಪಾಯಿ ಕೂಡಿಸಿದೆವು. ಕೂಲಿಯ ಮಾತು ಯಾರೂ ಎತ್ತಲಿಲ್ಲ. 'ಧಮ್ಮದ ಕೆಲಸ ಅಪ್ಪಾ' ಎಂದು ನಾನೇ ಹೇಳಿದೆ. ಅವನು ತಲೆಯಾಡಿಸಿದ. 11 ದಿನ ಏಣಿ ಹತ್ತಿ ಇಳಿದ. ಹಬ್ಬದ ದಿನ ವೇದಿಕೆಗೆ ಕರೆದು ಶಾಲು ಹೊದಿಸಿ, ಒಂದು ಪುಸ್ತಕ, ಹಣ್ಣು ಕೊಟ್ಟು ಫೋಟೋ ತೆಗೆಸಿಕೊಂಡೆವು.

ಒಂದು ವಾರದ ಮೇಲೆ ತರಕಾರಿ ಸಂತೆಯಲ್ಲಿ ಅವನ ತಾಯಿ ಸಿಕ್ಕರು. ಚಿತ್ರ ಎಷ್ಟು ಚಂದ ಬಂದಿದೆ ಎಂದು ನಾನು ಹೊಗಳುತ್ತಿದ್ದೆ. ಅವರು ಬದನೆಕಾಯಿ ಆರಿಸುತ್ತಲೇ ಹೇಳಿದರು: 'ಟೀಚರ್, ನಮ್ಮ ಮಾವ ಗೌಡರ ಮನ್ಯಾಗ ದುಡೀತಿದ್ರು. ಜಾತ್ರಿಗಿ ಒಂದು ರುಮಾಲ ಕೊಡ್ತಿದ್ರು, ಎಲ್ಲಾರ ಮುಂದ. ರುಮಾಲ ಸುತ್ಕೊಂಡು ಮನಿಗಿ ಬರ್ತಿದ್ರು, ಮನ್ಯಾಗ ಜ್ವಾಳ ಇರ್ತಿದ್ದಿಲ್ಲ.'

ಸಿಟ್ಟು ಇರಲಿಲ್ಲ ದನಿಯಲ್ಲಿ. ಬದನೆಕಾಯಿ ತೂಗಿಸಿಕೊಂಡು ಹೋದರು.

ಆಮೇಲೆ ಅವನ ಗೆಳೆಯನೊಬ್ಬನಿಂದ ತಿಳಿಯಿತು: ಅದೇ 11 ದಿನಗಳಲ್ಲಿ ಒಂದು ಶಾಲೆಯ ಗೋಡೆಗಳಿಗೆ ಚಿತ್ರ ಬರೆಯುವ ಕೆಲಸ ಬಂದಿತ್ತು, ದಿನಕ್ಕೆ 700 ರೂಪಾಯಿ. ಬಿಟ್ಟಿದ್ದಾನೆ. ದುಡಿದದ್ದರಲ್ಲಿ ಹತ್ತರಲ್ಲಿ ಒಂದು ಪಾಲು ಶಟರ್ ಬಾಡಿಗೆಗೆ ಎಂಬುದು ಅವರ ಗುಂಪಿನ ನಿಯಮ. ಆ ತಿಂಗಳು ಅವನ ಪಾಲನ್ನೂ ಉಳಿದವರು ಕಟ್ಟಿದ್ದಾರೆ. ನಾವು ಒಬ್ಬನಿಂದ ತೆಗೆದುಕೊಂಡೆವು ಎಂದುಕೊಂಡಿದ್ದೆ. ಏಳು ಮಂದಿಯಿಂದ ತೆಗೆದುಕೊಂಡಿದ್ದೆವು.

ಎರಡನೇ ಶೀಲದಲ್ಲಿ ಕಳ್ಳತನ ಎಂಬ ಪದವೇ ಇಲ್ಲ. ಇರುವುದು 'ಅದಿನ್ನ', ಕೊಡದೇ ಇದ್ದದ್ದು. ಅದನ್ನು ತೆಗೆದುಕೊಳ್ಳದಿರುವುದು ಶೀಲ. ಹಾಗಾದರೆ ಆ ಹುಡುಗ ಕೊಟ್ಟನೇ, ಇಲ್ಲವೇ? ತಲೆಯಾಡಿಸಿದ್ದು ನಿಜ. ಆದರೆ ಓದಿಸಿದ ಟೀಚರು, ಕೇರಿಯ ಹಿರಿಯರು, ಬುದ್ಧನ ಹೆಸರು, ಇಷ್ಟೂ ಎದುರು ನಿಂತಾಗ 'ಇಲ್ಲ' ಎನ್ನುವ ದಾರಿ ಅವನಿಗೆ ಎಲ್ಲಿತ್ತು? ಇಲ್ಲ ಎನ್ನಲಾಗದವನ ಹೌದನ್ನು ದಾನ ಎಂದು ಲೆಕ್ಕ ಹಿಡಿಯಬಹುದೇ? ಮಹಾರ್ ವತನ್ ವಿಷಯದಲ್ಲಿ ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದರು. ಪುಡಿಗಾಸಿಗೆ ಹಗಲು ರಾತ್ರಿ ಕರೆದಾಗ ಓಡಬೇಕಾದ ಕೆಲಸಕ್ಕೆ ಗೌರವದ ಹೆಸರು ಅಂಟಿತ್ತು, ಹಕ್ಕು ಎಂಬ ಹೆಸರು. ನಾವು ಅಂಟಿಸಿದ್ದು ಧಮ್ಮದ ಹೆಸರು.

ಜೇತವನದ ಕಥೆ ಮಕ್ಕಳಿಗೆ ಹೇಳುತ್ತೇವೆ. ರಾಜಕುಮಾರ ಜೇತನಿಗೆ ತೋಟ ಕೊಡಲು ಇಷ್ಟವಿರಲಿಲ್ಲ. ಅನಾಥಪಿಂಡಿಕ ನೆಲಕ್ಕೆ ನಾಣ್ಯ ಹಾಸಿದ. ಬುದ್ಧನಿಗಾಗಿ ತಾನೇ, ಬಿಟ್ಟುಕೊಡು ಎಂದು ಜೇತನನ್ನು ಕೇಳಲಿಲ್ಲ. ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ, ಈ ಕಡೆಯಿಂದ ನೋಡಿರಲಿಲ್ಲ.

ನಮ್ಮ ಹಿರಿಯರೊಬ್ಬರು ಒಪ್ಪಲಿಲ್ಲ. 'ಎಲ್ಲವನ್ನೂ ರೂಪಾಯಿಯಲ್ಲಿ ಅಳೆದರೆ ಸಂಘ ನಡೆಯುತ್ತದೇನಮ್ಮಾ? 1956ರಲ್ಲಿ ನಾಗಪುರಕ್ಕೆ ಹೋದವರಿಗೆ ಯಾರು ಕೂಲಿ ಕೊಟ್ಟರು?' ಎಂದರು. ಮಾತು ಸುಳ್ಳಲ್ಲ. ಒಡವೆ ಮಾರಿ ಹೋದವರ ಕಥೆ ನಮ್ಮ ಮನೆಗಳಲ್ಲೂ ಇದೆ. ಆದರೆ ಅವರು ತಾವಾಗಿ ಹೊರಟವರು. ಇವನೂ ತಾನಾಗಿ ಕೊಡುತ್ತಿರುವುದು ಶನಿವಾರದ ಸಂಜೆಗಳನ್ನು. ಅದನ್ನು ನಾವು ಒಂದು ಸಲವೂ ವೇದಿಕೆಯಲ್ಲಿ ಹೇಳಿಲ್ಲ ನೋಡಿ.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಅವನು ಮೊದಲು ತಂದ ಕರಡು ಬೇರೆ ಇತ್ತು. ಗೆಳೆಯರ ಜೊತೆ ಸನ್ನತಿಗೆ ಹೋಗಿ ಕನಗನಹಳ್ಳಿಯ ಶಿಲ್ಪಫಲಕಗಳನ್ನು ಎರಡು ದಿನ ಕೂತು ಬಿಡಿಸಿಕೊಂಡು ಬಂದಿದ್ದ. ಬುದ್ಧನ ಬದಲು ಖಾಲಿ ಪೀಠ, ಪಾದಗಳು ಇರುವ ಫಲಕಗಳು ಅವನ ತಲೆ ಹೊಕ್ಕಿದ್ದವು. ಅವನ ಕರಡಿನಲ್ಲಿ ಗೋಡೆಯ ತುಂಬ ಇದ್ದವನು ಕಸ ಗುಡಿಸುವ ಸುನೀತ, ಬುಟ್ಟಿ ಪಕ್ಕಕ್ಕಿಟ್ಟು ಗೋಡೆಗೆ ಒತ್ತಿ ನಿಂತಿದ್ದಾನೆ. ಬುದ್ಧ ದೂರದ ಬೀದಿಯ ತಿರುವಿನಲ್ಲಿ, ಹೆಬ್ಬೆರಳಷ್ಟು. 'ಸುನೀತನ ಕಣ್ಣಿಗೆ ಕಂಡಂಗ ಅಕ್ಕಾರ' ಎಂದಿದ್ದ. ನಾವು ಬೇಡ ಎಂದೆವು. ಕ್ಯಾಲೆಂಡರಿನಲ್ಲಿ ಇರುವ ಹಾಗೆ, ನಡುವೆ, ದೊಡ್ಡದಾಗಿ ಇರಲಿ ಎಂದೆವು. ಕ್ಯಾಲೆಂಡರ್ ಚಿತ್ರವೇನೂ ಕೀಳಲ್ಲ. ನಮ್ಮ ಕಲಬುರಗಿಯ ಎಸ್. ಎಂ. ಪಂಡಿತರು ಅದರಲ್ಲೇ ದೇಶಕ್ಕೆ ಹೆಸರಾದವರು. ಆದರೆ ಅದು ಅವರು ಕಂಡದ್ದು. ಇವನು ಕಂಡದ್ದು ಬೇರೆ. ಕೈಯನ್ನು ಬಿಟ್ಟಿಯಾಗಿ ತೆಗೆದುಕೊಂಡು ಕಣ್ಣನ್ನು ವಾಪಸು ಕಳಿಸಿದೆವು. ಸುನೀತನ ಪ್ರಸಂಗವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸೇರಿಸಿದ್ದು ನಮಗೆ ಪರೀಕ್ಷೆಗೆ ಕಂಠಪಾಠ. ಗೋಡೆಯ ಮೇಲೆ ಮಾತ್ರ ಅವನು ಬೇಡವಾದ.

ಈ ಭಾನುವಾರ ಸಭೆಯಲ್ಲಿ ಆ 11 ದಿನದ ಬಾಕಿಯ ವಿಷಯ ಇಡುತ್ತೇನೆ. 7,700 ರೂಪಾಯಿ. ಮೊದಲ ಸಾವಿರ ನನ್ನದು.

ಎದುರಿನ ಗೋಡೆ ಇನ್ನೂ ಖಾಲಿ ಇದೆ. ಮೊನ್ನೆ ಅವನಿಗೆ ಫೋನ್ ಮಾಡಿ, ಸುನೀತನನ್ನು ನಿನ್ನ ಇಷ್ಟದಂತೆ ಬಿಡಿಸುತ್ತೀಯಾ, ದರ ನೀನೇ ಹೇಳು ಎಂದೆ. ಯೋಚನೆ ಮಾಡಿ ಹೇಳ್ತೀನಿ ಅಕ್ಕಾರ ಎಂದ. ರಾತ್ರಿ ಮೆಸೇಜ್ ಬಂತು: 'ಈಗ ಆಗೂದಿಲ್ರಿ. ಮಿಲ್ಲಿನ ಚಿತ್ರ ಮುಗಿಸಬೇಕು. ದೀಪಾವಳಿ ಆದ ಮ್ಯಾಲ ನೋಡೂಣು.'

ಆಗಲಿ ಅಪ್ಪಾ ಎಂದು ಬರೆದೆ.

ಜೈ ಭೀಮ್.