ಬಡಿಸುವ ಕೈ

ಅತ್ತೆಯವರು ತೀರಿಕೊಂಡ ಮೂರನೆಯ ದಿನ ಮೈದುನ ಬಂದು, "ಅತ್ತಿಗೆ, ಪೇಪರಿಗೆ ಕೊಡೋದಕ್ಕೆ ಅಮ್ಮನ ಒಂದು ಒಳ್ಳೆಯ ಫೋಟೋ ಬೇಕಿತ್ತು" ಎಂದ. ಅದೇನು ಮಹಾ ಕೆಲಸ ಎಂದುಕೊಂಡೆ. ಮನೆಯ ಹಳೆಯ ಆಲ್ಬಂಗಳನ್ನೆಲ್ಲ ಮಗಳು 2019ರಲ್ಲೇ ಸ್ಕ್ಯಾನ್ ಮಾಡಿ, ಫೋನಿನಲ್ಲಿ ತೆಗೆದವುಗಳ ಜೊತೆಗೆ ಸೇರಿಸಿದ್ದಳು. ಮದುವೆ, ಮುಂಜಿ, ಸೀಮಂತ, ಗೌರಿಹಬ್ಬ, ಎಲ್ಲ ಸೇರಿ ಸಾವಿರಾರು ಚಿತ್ರಗಳು. ಹುಡುಕುವುದೂ ಸುಲಭ. ಇಸವಿ ಕೊಟ್ಟರೆ ಆ ಇಸವಿಯವು, ಊರು ಕೊಟ್ಟರೆ ಆ ಊರಿನವು, ಮುಖ ಒತ್ತಿದರೆ ಆ ಮುಖದವು. ಹಿಟ್ಟನ್ನು ಜರಡಿ ಹಿಡಿದ ಹಾಗೆ.

ನನ್ನ ಮದುವೆಯಲ್ಲಿ ಅತ್ತೆ ಲಕ್ಷಣವಾಗಿದ್ದರು. 1984 ಎಂದು ಒತ್ತಿದೆ. ಒಂದೂ ಬರಲಿಲ್ಲ! ಮಗಳು ನಕ್ಕಳು. ಫೋನಿನಲ್ಲಿ ತೆಗೆದ ಚಿತ್ರದೊಳಗೆ ದಿನ, ಗಂಟೆ, ಕೆಲವೊಮ್ಮೆ ಸ್ಥಳವೂ ತಾನಾಗಿ ದಾಖಲಾಗುತ್ತದಂತೆ. ಅದಕ್ಕೆ ಎಕ್ಸಿಫ್ ಎಂಬ ಕ್ರಮವನ್ನು 1995ರಲ್ಲಿ ಜಪಾನಿನವರು ಗೊತ್ತುಮಾಡಿದರಂತೆ. ಕಾಗದದ ಫೋಟೋಕ್ಕೆ ಅದೆಲ್ಲಿಂದ ಬರಬೇಕು? ನಮ್ಮ ಹಳೆಯ ಚಿತ್ರಗಳೆಲ್ಲ ಸ್ಕ್ಯಾನ್ ಆದ ದಿನವನ್ನೇ ಹುಟ್ಟಿದ ದಿನ ಮಾಡಿಕೊಂಡು 2019ರಲ್ಲಿ ಕುಳಿತಿದ್ದವು. ಅತ್ತೆ ಪ್ರತಿ ಫೋಟೋದ ಬೆನ್ನಿಗೂ ಪೆನ್ಸಿಲಿನಲ್ಲಿ ತಾರೀಖು ಬರೆದಿಡುತ್ತಿದ್ದರು. ನಾವು ಮುಂಭಾಗವನ್ನು ಮಾತ್ರ ಸ್ಕ್ಯಾನ್ ಮಾಡಿದ್ದೆವು.

ಸರಿ, ಮುಖ ಒತ್ತಿದೆವು. ಯಂತ್ರವು ಒಂದೇ ತೆರನಾದ ಮುಖಗಳನ್ನು ಹೋಲಿಸಿ ಒಟ್ಟುಮಾಡಿ ಇಟ್ಟಿರುತ್ತದೆ. ಮಾವನವರದು ನೂರಾರು ಬಂದವು, ನನ್ನವೂ ಬಂದವು. ಅತ್ತೆಯವರದು ಹನ್ನೊಂದು. ಅವುಗಳಲ್ಲಿ ನಾಲ್ಕರಲ್ಲಿ ಕಣ್ಣು ಮುಚ್ಚಿದ್ದರು.

ಆಮೇಲೆ ಸೋಸುವುದನ್ನು ಬಿಟ್ಟು ಒಂದೊಂದನ್ನೇ ನೋಡುತ್ತ ಹೋದೆ. ಆಗ ಅತ್ತೆ ಕಾಣತೊಡಗಿದರು. ಮುಂಜಿಯ ಪಂಕ್ತಿಯ ಅಂಚಿನಲ್ಲಿ ಪಾಯಸದ ಸೌಟು ಹಿಡಿದ ಕೈ. ಮಣಿಕಟ್ಟಿನ ಬಳಿ ಎಣ್ಣೆ ಸಿಡಿದ ಹಳೆಯ ಕಲೆ. ಸೀಮಂತದ ಚಿತ್ರದಲ್ಲಿ ಬಾಗಿಲ ಹಿಂದೆ ಅರ್ಧ ಸೆರಗು. ಮುಖವಿಲ್ಲದ ಕೈಯನ್ನು ಯಂತ್ರ ಯಾರದೆಂದು ಹೇಳೀತು? ಅದರಲ್ಲಿ ಯಂತ್ರದ ತಪ್ಪಿಲ್ಲ.

ತಪ್ಪು ಯಾರದೆಂದು ಹೇಳಿಬಿಡುತ್ತೇನೆ. ಮಗಳ ನಾಮಕರಣದ ದಿನ ಕ್ಯಾಮೆರಾ ನನ್ನ ಕೈಯಲ್ಲಿತ್ತು. ಅಡುಗೆಮನೆಯಿಂದ ಮಾಸಿದ ಸೀರೆಯಲ್ಲೇ ತೊಟ್ಟಿಲು ನೋಡಲು ಬಂದಿದ್ದ ಅವರಿಗೆ, "ಅತ್ತೆ, ಸ್ವಲ್ಪ ಪಕ್ಕಕ್ಕೆ ಸರೀರಿ, ಫೋಟೋ ತೆಗೀಬೇಕು" ಎಂದಿದ್ದೆ. ಅವರು ಮರುಮಾತಿಲ್ಲದೆ ಸರಿದರು. ಆ ಚಿತ್ರ ಈಗಲೂ ಇದೆ, ಬಹಳ ಚೆನ್ನಾಗಿ ಬಂದಿದೆ.

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಹಾಗೆಂದು ಅದು ತಪ್ಪಲ್ಲವೇ? ಬೈದರೆ, ಕಿತ್ತುಕೊಂಡರೆ ತಪ್ಪೆಂದು ನಮಗೆ ಗೊತ್ತಾಗುತ್ತದೆ. ಕಾಣದೆ ಹೋಗುವುದನ್ನು ಮಾತ್ರ ನಾವು ತಪ್ಪಿನ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಜರಡಿ ಸುಳ್ಳು ಹೇಳುವುದಿಲ್ಲ. ಆದರೆ ಕೇಳಿದ್ದನ್ನು ತೋರಿಸುವಾಗ, ಬಿಟ್ಟದ್ದು ಇಷ್ಟಿದೆ ಎಂದು ಅದು ಹೇಳುವುದೂ ಇಲ್ಲ. ನಮ್ಮ ಮನಸ್ಸಿನದೂ ಅದೇ ರೀತಿ. ಮದುವೆಗೆ ಯಾರ್‍ಯಾರು ಬಂದಿದ್ದರು ಎಂದರೆ ಪಟಪಟನೆ ಹೇಳುತ್ತೇವೆ; ಆ ದಿನ ನಸುಕಿನಲ್ಲಿ ಎದ್ದು ಒಲೆ ಹಚ್ಚಿದವರು ಯಾರೆಂದು ನೆನಪಿರುತ್ತದೆಯೇ?

"ಅಮ್ಮನಿಗೆ ಫೋಟೋ ಅಂದರೇ ಆಗುತ್ತಿರಲಿಲ್ಲ" ಎಂದ ಮೈದುನ. ನಿಜ, ಕರೆದರೆ "ನನ್ನದೇನು ಫೋಟೋ ಬಿಡ್ರೇ" ಎಂದು ಸೆರಗು ಮರೆಮಾಡಿ ಒಳಗೆ ಹೋಗುತ್ತಿದ್ದರು. ಅದು ಅವರ ಇಷ್ಟವಾಗಿತ್ತೋ, ಪಕ್ಕಕ್ಕೆ ಸರಿದೂ ಸರಿದೂ ಆದ ಅಭ್ಯಾಸವೋ? ಕೇಳೋಣವೆಂದರೆ ಅವರಿಲ್ಲ. ಇಷ್ಟವೇ ಆಗಿದ್ದರೂ ಇನ್ನೊಂದು ಸಲ ಕರೆಯಬೇಕಾದದ್ದು ನಾನು. ಕರೆಯದಿರುವುದು ನನಗೆ ಅನುಕೂಲವಾಗಿತ್ತು.

ಬ್ಯಾಂಕಿನ ಪಾಸ್‌ಬುಕ್ಕಿಗೆಂದು ತೆಗೆಸಿದ ಚಿತ್ರವೇ ಕೊನೆಗೆ ಪೇಪರಿನಲ್ಲಿ ಬಂತು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಗಳೂ ನಾನೂ ಕುಳಿತು ಆ ಕೈ, ಆ ಸೆರಗು ಇರುವ ಚಿತ್ರಗಳನ್ನೆಲ್ಲ ಆರಿಸಿ ಬೇರೆ ಆಲ್ಬಂ ಮಾಡಿದೆವು. ಹಳೆಯ ಫೋಟೋಗಳ ಬೆನ್ನು ನೋಡಿ ನಿಜವಾದ ಇಸವಿಗಳನ್ನೂ ತುಂಬಿದೆವು. ಆಲ್ಬಮ್ಮಿಗೆ ಅವರ ಹೆಸರನ್ನೇ ಇಟ್ಟದ್ದರಿಂದ, ಈಗ ಆ ಹೆಸರು ಹುಡುಕಿದರೆ ಮುಖವಿಲ್ಲದ ಆ ಚಿತ್ರಗಳೂ ಸಿಗುತ್ತವೆ.

ನಾಮಕರಣದ ಆ ಚಿತ್ರವನ್ನೂ ಅದರಲ್ಲಿ ಸೇರಿಸಿದ್ದೇನೆ. ಅದರಲ್ಲಿ ಅತ್ತೆ ಇಲ್ಲ. ಯಾಕೆ ಸೇರಿಸಿದೆ ಎಂದು ಮಗಳು ಕೇಳಿದಳು. ಹೇಳಿದೆ.